ಅಮೆರಿಕದ ಸಂಸ್ಕೃತಿಯಲ್ಲಿ ಥಿಯಾಸಫಿ

ಥಿಯಾಸಫಿ ಎಂದರೆ ನಮ್ಮವರಿಗೆ ಮದರಾಸಿನ ಅಡಯಾರ್, ಅಲ್ಲಿನ ಹೆಮ್ಮರವಾದ ಆಲ, ಬಿಳಿಗೂದಲಿನ ಆನಿ ಬೆಸೆಂಟ್ ನೆನಪಾಗುವುದು ವಾಡಿಕೆ. ಕನ್ನಡದಲ್ಲಿ ಬ್ರಹ್ಮವಿದ್ಯಾ ಸಮಾಜ ಎಂದೂ ದಿವ್ಯಜ್ಞಾನ ಸಮಾಜ ಎಂದೂ ಕರೆಯಲಾದ ಈ ಸಂಸ್ಥೆ ಹುಟ್ಟಿದ್ದು ಮಾತ್ರ 1875ರಲ್ಲಿ, ನ್ಯೂಯಾರ್ಕ್ ನಗರದ ಒಂದು ಬಾಡಿಗೆ ಮನೆಯಲ್ಲಿ. ಅಮೆರಿಕದಲ್ಲಿ ಅದರ ಸದಸ್ಯರ ಸಂಖ್ಯೆ ಎಂದೂ ದೊಡ್ಡದಾಗಿರಲಿಲ್ಲ. ಆದರೂ ‘ಕರ್ಮ’ ಎಂಬ ಮಾತು ಆ ದೇಶದ ಬೀದಿಮಾತಾದದ್ದರಲ್ಲಿ, ಅಲ್ಲಿನ ಅಮೂರ್ತ ಚಿತ್ರಕಲೆಯಲ್ಲಿ, ಹಾಲಿವುಡ್‌ನ ಒಂದು ಬಯಲು ರಂಗಮಂದಿರದಲ್ಲಿ, ಕೊನೆಗೆ ಆಸ್ಪತ್ರೆಯ ದಾದಿಯರ ಕೈಯಲ್ಲೂ ಅದರ ಜಾಡು ಸಿಗುತ್ತದೆ. ಸದಸ್ಯರಾಗಿ ಉಳಿದವರಿಗಿಂತ ಬಂದು ಹೋದವರಿಂದಲೇ ಥಿಯಾಸಫಿ ಹಬ್ಬಿತು. ಮುಂದೆ ಹೆಸರಿಸುವ ಹೆಚ್ಚಿನವರು ಒಂದು ಬಾಗಿಲಿಂದ ಒಳಬಂದು ಇನ್ನೊಂದರಿಂದ ಹೊರಟವರು. ಹೋಗುವಾಗ ಒಬ್ಬೊಬ್ಬರು ಒಂದೊಂದನ್ನು ಕೊಂಡೊಯ್ದರು, ಎಲ್ಲಿಂದ ತಂದದ್ದೆಂದು ಹೇಳಿದವರು ಕಡಿಮೆ.

ನ್ಯೂಯಾರ್ಕಿನ ಮೂವರು

ಸ್ಥಾಪಕರಲ್ಲಿ ಮುಖ್ಯರು ಮೂವರು. ಹೆಲೆನಾ ಪೆಟ್ರೋವ್ನಾ ಬ್ಲಾವಟ್ಸ್ಕಿ (1831–1891) ರಷ್ಯದ ಕುಲೀನ ಮನೆತನದವಳು, 1873ರಲ್ಲಿ ನ್ಯೂಯಾರ್ಕಿಗೆ ಬಂದಿಳಿದವಳು. ಹೆನ್ರಿ ಸ್ಟೀಲ್ ಆಲ್ಕಾಟ್ (1832–1907) ಅಪ್ಪಟ ಅಮೆರಿಕನ್. ಮೊದಲು ಕೃಷಿತಜ್ಞ, ಚೀನಾ ಮತ್ತು ಆಫ್ರಿಕದ ಸಿಹಿಜೋಳದ ತಳಿಗಳ ಮೇಲೆ 1857ರಲ್ಲೇ ಪುಸ್ತಕ ಬರೆದವನು. ಜೋಳದ ನಾಡಿನವರಾದ ನಾವು ಅವನನ್ನು ಆ ಕಾರಣಕ್ಕೂ ನೆನೆಯಬಹುದು. ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸರಕು ಒದಗಿಸುವವರ ಮೋಸವನ್ನು ಬಯಲಿಗೆಳೆದು ಕರ್ನಲ್ ಎನಿಸಿಕೊಂಡ. ಲಿಂಕನ್ ಕೊಲೆಯ ತನಿಖೆಗೂ ಅವನನ್ನು ಕರೆಸಿಕೊಂಡಿದ್ದರು. ಮೂರನೆಯವನು ಐರ್ಲೆಂಡಿನಿಂದ ಬಂದ ತರುಣ ವಕೀಲ ವಿಲಿಯಂ ಕ್ವಾನ್ ಜಡ್ಜ್ (1851–1896).

1874ರ ಅಕ್ಟೋಬರಿನಲ್ಲಿ ವರ್ಮಾಂಟಿನ ಒಂದು ತೋಟದ ಮನೆಯಲ್ಲಿ ಆಲ್ಕಾಟ್ ಮತ್ತು ಬ್ಲಾವಟ್ಸ್ಕಿ ಭೇಟಿಯಾದರು. ಅಲ್ಲಿ ಎಡ್ಡಿ ಎಂಬ ಸಹೋದರರು ಸತ್ತವರ ಆತ್ಮಗಳನ್ನು ಕರೆಸುತ್ತಾರೆಂಬ ಸುದ್ದಿ ಹಬ್ಬಿತ್ತು. ಆಲ್ಕಾಟ್ ಪತ್ರಿಕೆಗಾಗಿ ಅದನ್ನು ವರದಿ ಮಾಡಲು ಹೋಗಿದ್ದ. ಮರುವರ್ಷ ಸೆಪ್ಟೆಂಬರ್ 7ರಂದು ಬ್ಲಾವಟ್ಸ್ಕಿಯ ಮನೆಯಲ್ಲಿ ಈಜಿಪ್ಟಿನ ಪ್ರಾಚೀನ ಪ್ರಮಾಣಸೂತ್ರದ ಬಗ್ಗೆ ಒಂದು ಉಪನ್ಯಾಸ. ನಡುವೆ ಆಲ್ಕಾಟ್ ಒಂದು ಚೀಟಿಯಲ್ಲಿ ಇಂಥ ಅಧ್ಯಯನಕ್ಕೊಂದು ಸಂಘ ಕಟ್ಟಿದರೆ ಹೇಗೆ ಎಂದು ಬರೆದು ಜಡ್ಜ್‌ನ ಕೈಯಲ್ಲಿ ಬ್ಲಾವಟ್ಸ್ಕಿಗೆ ದಾಟಿಸಿದ. ಆಕೆ ತಲೆಯಾಡಿಸಿದಳು. ನವೆಂಬರ್ 17ರಂದು ಆಲ್ಕಾಟ್ ಅಧ್ಯಕ್ಷಭಾಷಣ ಮಾಡಿದ. ಸಮಾಜ ಆ ದಿನವನ್ನೇ ತನ್ನ ಹುಟ್ಟುಹಬ್ಬವೆಂದು ಎಣಿಸುತ್ತದೆ.

ನೆಲ ಮೊದಲೇ ಹದಗೊಂಡಿತ್ತು. ಅಮೆರಿಕದ ಲೇಖಕರಾದ ಎಮರ್ಸನ್ ಮತ್ತು ಥೋರೋ ಮೂರು ದಶಕ ಮುಂಚೆಯೇ ಭಗವದ್ಗೀತೆಯನ್ನು ಓದಿದ್ದರು. ಸತ್ತವರೊಡನೆ ಮಾತಾಡುವ ಕೂಟಗಳು ಊರೂರಲ್ಲಿದ್ದವು. ಡಾರ್ವಿನ್ನನ ಹೊಡೆತಕ್ಕೆ ಚರ್ಚಿನ ಮೇಲಿನ ನಂಬಿಕೆ ಅಲುಗಾಡಿದ್ದರೂ ಬರಿಯ ಭೌತವಾದ ಹಲವರಿಗೆ ರುಚಿಸಿರಲಿಲ್ಲ. ಎರಡರ ನಡುವೆ ಮೂರನೆಯ ದಾರಿಯೊಂದಿದೆ, ಎಲ್ಲ ಧರ್ಮಗಳ ಬೇರಿನಲ್ಲಿ ಒಂದೇ ಗುಪ್ತವಿದ್ಯೆಯಿದೆ, ಅದು ವಿಜ್ಞಾನಕ್ಕೆ ವಿರೋಧಿಯಲ್ಲ ಎಂದಳು ಬ್ಲಾವಟ್ಸ್ಕಿ. 1877ರಲ್ಲಿ ಎರಡು ಸಂಪುಟಗಳಲ್ಲಿ ಬಂದ ‘ಐಸಿಸ್ ಅನ್‌ವೇಲ್ಡ್’ನ ಮೊದಲ ಸಾವಿರ ಪ್ರತಿಗಳು ಹತ್ತು ದಿನದಲ್ಲಿ ಮುಗಿದವು.

ಆಕೆಯ ಮನೆಗೆ ಪತ್ರಿಕೆಯವರು ‘ಲಾಮಾಸೆರಿ’ ಎಂದು ಹೆಸರಿಟ್ಟಿದ್ದರು, ಅಂದರೆ ಲಾಮಾಗಳ ಮಠ. ಗೋಡೆಯ ಪಕ್ಕ ಒಣಹುಲ್ಲು ತುಂಬಿದ ಬಬೂನ್ ಕೋತಿಯೊಂದು ಕನ್ನಡಕ ಹಾಕಿಕೊಂಡು, ಜೀವಜಾತಿಗಳ ಉಗಮದ ಮೇಲಿನ ಉಪನ್ಯಾಸದ ಹಾಳೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿರುತ್ತಿತ್ತು. ಡಾರ್ವಿನ್‌ವಾದಿ ಪ್ರಾಧ್ಯಾಪಕರನ್ನು ಅಣಕಿಸಲೆಂದೇ ಮಾಡಿಸಿದ್ದು. ಬ್ಲಾವಟ್ಸ್ಕಿ ಸಿಗರೇಟು ಸುತ್ತುತ್ತ, ಬಂದವರನ್ನು ಬೈಯುತ್ತ, ನಗಿಸುತ್ತ ಕೂತಿರುತ್ತಿದ್ದಳು. ಆಕೆಯ ದೊಡ್ಡ ಗ್ರಂಥಗಳನ್ನು ಪೂರ್ತಿ ಓದಿದವರು ಅಂದೂ ಕಡಿಮೆ, ಇಂದೂ ಕಡಿಮೆ. ಆ ಕೋಣೆಯ ಖ್ಯಾತಿಯೇ ಅರ್ಧ ಕೆಲಸ ಮಾಡಿತು ಎನ್ನಬೇಕು.

ಒಂದು ದಹನ, ಒಂದು ಧ್ವನಿಮುದ್ರಣ

ಥಿಯಾಸಫಿಸ್ಟರು ಅಮೆರಿಕದ ಬದುಕಿನಲ್ಲಿ ತಂದ ಮೊದಲ ಕಣ್ಣಿಗೆ ಕಾಣುವ ಬದಲಾವಣೆ ಶವದ್ದು. ಬಡ ಬ್ಯಾರನ್ ಡಿ ಪಾಮ್ ಎಂಬ ಸದಸ್ಯ 1876ರ ಮೇ ತಿಂಗಳಲ್ಲಿ ತೀರಿಕೊಂಡ. ತನ್ನ ದೇಹವನ್ನು ಸುಡಬೇಕೆಂದು ಅವನ ಇಚ್ಛೆ. ಸುಡಲು ದೇಶದಲ್ಲಿ ಎಲ್ಲೂ ಏರ್ಪಾಟಿರಲಿಲ್ಲ. ಆಲ್ಕಾಟ್ ಶವವನ್ನು ಕೆಡದಂತೆ ಲೇಪನ ಮಾಡಿಸಿ ಆರು ತಿಂಗಳಿಗೂ ಹೆಚ್ಚು ಕಾಲ ಇಟ್ಟ. ಪೆನ್ಸಿಲ್ವೇನಿಯದ ವಾಷಿಂಗ್ಟನ್ ಎಂಬ ಊರಿನಲ್ಲಿ ಲಿಮಾಯ್ನ್ ಎಂಬ ಮುದಿ ವೈದ್ಯ ತನ್ನದೇ ಹಿತ್ತಲ ಗುಡ್ಡದ ಮೇಲೆ ಇಟ್ಟಿಗೆಯ ದಹನಗೃಹ ಕಟ್ಟಿಸಿಕೊಂಡಿದ್ದ. ಡಿಸೆಂಬರ್ 6ರಂದು ಅಲ್ಲಿಗೆ ಶವ ಬಂತು. ಬಟ್ಟೆಯನ್ನು ಪಟಿಕದ ನೀರಿನಲ್ಲಿ ತೊಯ್ಯಿಸಿ ಹೊದಿಸಿದರು, ಮೇಲೆ ಸಾಂಬಾರ ಪದಾರ್ಥ, ಹೂವು, ಹಸಿರು ಚಿಗುರು. ದೇಶದ ನಾನಾ ಕಡೆಯಿಂದ ವರದಿಗಾರರು ಬಂದು ಕುಲುಮೆಯ ರಂಧ್ರದಲ್ಲಿ ಕಣ್ಣಿಟ್ಟು ನೋಡಿದರು. ನಮ್ಮ ಊರುಗಳಲ್ಲಿ ದಿನನಿತ್ಯ ನಡೆಯುವ ಕ್ರಿಯೆ ಅಲ್ಲಿ ಮುಖಪುಟದ ಸುದ್ದಿಯಾಯಿತು, ಪಾದ್ರಿಗಳಿಗೆ ಅನಾಚಾರವಾಗಿ ಕಂಡಿತು. ಆಧುನಿಕ ಅಮೆರಿಕದ ಮೊದಲ ದಹನಸಂಸ್ಕಾರವೆಂದು ಚರಿತ್ರಕಾರರು ಗುರುತಿಸುವುದು ಇದನ್ನೇ. ಇಂದು ಆ ದೇಶದಲ್ಲಿ ಹೂಳುವವರಿಗಿಂತ ಸುಡುವವರೇ ಹೆಚ್ಚು.

ಸಂಶೋಧಕ ಥಾಮಸ್ ಎಡಿಸನ್ 1878ರ ಏಪ್ರಿಲಿನಲ್ಲಿ ಸದಸ್ಯತ್ವದ ಪತ್ರಕ್ಕೆ ಸಹಿ ಹಾಕಿದ. ಆಗ ಅವನ ಫೋನೋಗ್ರಾಫಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅದೇ ಡಿಸೆಂಬರಿನಲ್ಲಿ ಬ್ಲಾವಟ್ಸ್ಕಿ ಮತ್ತು ಆಲ್ಕಾಟ್ ಭಾರತಕ್ಕೆ ಹೊರಟಾಗ ಎಡಿಸನ್ನನ ಸಹಾಯಕನೊಬ್ಬ ಆ ಭಾರದ ಯಂತ್ರವನ್ನು ಲಾಮಾಸೆರಿಗೆ ಹೊತ್ತು ತಂದ. ಗೆಳೆಯರು ಒಬ್ಬೊಬ್ಬರಾಗಿ ಭಾರತದ ಬಂಧುಗಳಿಗೆ ನಮಸ್ಕಾರ ಹೇಳಿ ತಮ್ಮ ದನಿಯನ್ನು ತವರದ ಹಾಳೆಗಳ ಮೇಲೆ ಮೂಡಿಸಿದರು. ಎಡಿಸನ್ ಮಾತ್ರ ಥಿಯಾಸಫಿಯಲ್ಲಿ ಬಹುಕಾಲ ನಿಲ್ಲಲಿಲ್ಲ. ಅವನನ್ನು ‘ಥಿಯಾಸಫಿಸ್ಟ್ ವಿಜ್ಞಾನಿ’ ಎಂದು ಮೆರೆಸುವ ಸಮಾಜದ ಪ್ರಚಾರವನ್ನು ಅರ್ಧಕ್ಕೇ ತೆಗೆದುಕೊಳ್ಳಬೇಕು.

ಬ್ಲಾವಟ್ಸ್ಕಿ, ಆಲ್ಕಾಟ್ ಹೊರಟ ಮೇಲೆ ನ್ಯೂಯಾರ್ಕಿನ ಹೊಣೆ ಬಿದ್ದದ್ದು ನಿವೃತ್ತ ಸೇನಾಧಿಕಾರಿ ಆಬ್ನರ್ ಡಬಲ್‌ಡೇ ಮೇಲೆ. 1861ರಲ್ಲಿ ಫೋರ್ಟ್ ಸಮ್ಟರ್‌ನಿಂದ ಉತ್ತರದವರ ಪರವಾಗಿ ಮೊದಲ ಗುಂಡು ಹಾರಿಸಿದವನು, ಸಂಸ್ಕೃತ ಶ್ಲೋಕಗಳಲ್ಲೂ ಆಸಕ್ತಿಯುಳ್ಳವನು. ಅಮೆರಿಕನ್ನರಿಗೆ ಅವನು ಗೊತ್ತಿರುವುದು ಇದ್ಯಾವುದರಿಂದಲೂ ಅಲ್ಲ: ಬೇಸ್‌ಬಾಲ್ ಆಟವನ್ನು ಕಂಡುಹಿಡಿದವನೆಂದು. 1907ರಲ್ಲಿ ಒಂದು ಸಮಿತಿ, ಒಬ್ಬ ಮುದುಕನ ಪತ್ರವನ್ನು ನಂಬಿ, 1839ರಲ್ಲಿ ಕೂಪರ್ಸ್‌ಟೌನಿನಲ್ಲಿ ಡಬಲ್‌ಡೇ ಈ ಆಟವನ್ನು ರೂಪಿಸಿದನೆಂದು ತೀರ್ಮಾನಿಸಿತು. ಆ ವರ್ಷ ಅವನು ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿದ್ದ. ತನ್ನ ಬರಹಗಳಲ್ಲಿ ಎಲ್ಲೂ ಇದನ್ನು ತನ್ನದೆಂದು ಹೇಳಿಕೊಂಡಿರಲಿಲ್ಲ. ಸಮಿತಿಯನ್ನು ಕೂಡಿಸಿದ ಕ್ರೀಡಾಸಾಮಗ್ರಿ ವ್ಯಾಪಾರಿ ಆಲ್ಬರ್ಟ್ ಸ್ಪಾಲ್ಡಿಂಗ್ ಆ ಹೊತ್ತಿಗೆ ಹೆಂಡತಿಯ ಜತೆ ಥಿಯಾಸಫಿಸ್ಟರ ಪಾಯಿಂಟ್ ಲೋಮಾ ವಸಾಹತಿನಲ್ಲಿ ವಾಸವಿದ್ದ, ಆಕೆ ಆ ಪಂಥದ ನಿಷ್ಠಾವಂತೆ. ಈ ನಂಟೇ ಕಟ್ಟುಕತೆಗೆ ಕಾರಣವೆಂದು ಸಾಧಿಸಲಾಗದು, ಆದರೆ ಸುಳಿವು ಕುತೂಹಲದ್ದು. ಬೇಸ್‌ಬಾಲಿನ ಕೀರ್ತಿಮಂದಿರ 1939ರಲ್ಲಿ ಕೂಪರ್ಸ್‌ಟೌನಿನಲ್ಲೇ ತೆರೆಯಿತು.

ಓಝ್ ಮಾಂತ್ರಿಕ ಮತ್ತು ಷಿಕಾಗೋ

ಮಕ್ಕಳ ಕತೆಗಾರ ಎಲ್. ಫ್ರಾಂಕ್ ಬೌಮ್ ಮತ್ತು ಅವನ ಹೆಂಡತಿ ಮಾಡ್ 1892ರಲ್ಲಿ ಷಿಕಾಗೋದಲ್ಲಿ ಸಮಾಜ ಸೇರಿದರು. ಮನೆಗೆ ಈ ಗಾಳಿ ತಂದವಳು ಅತ್ತೆ ಮಟಿಲ್ಡಾ ಜಾಸ್ಲಿನ್ ಗೇಜ್: ಮಹಿಳೆಯರ ಮತದ ಹಕ್ಕಿಗಾಗಿ ಹೋರಾಡಿದ ಗಟ್ಟಿಗಿತ್ತಿ. ‘ದಿ ವಂಡರ್‌ಫುಲ್ ವಿಝರ್ಡ್ ಆಫ್ ಓಝ್’ 1900ರಲ್ಲಿ ಬಂತು. ಬುದ್ಧಿ, ಹೃದಯ, ಧೈರ್ಯ ಬೇಡುವ ಮೂವರು ಜತೆಗಾರರು, ಪರದೆಯ ಹಿಂದಿನ ಟೊಳ್ಳು ದೇವರು, ಬೇಡುವುದೆಲ್ಲ ಬೇಡುವವರೊಳಗೇ ಇದ್ದದ್ದು: ಇದನ್ನೆಲ್ಲ ಥಿಯಾಸಫಿಯ ಸಾಧನಾಮಾರ್ಗವೆಂದು ಬಿಡಿಸಿ ತೋರಿಸುವವರಿದ್ದಾರೆ. ಅಷ್ಟು ಬಿಗಿಯಾಗಿ ಹೊಂದಿಸುವ ಅಗತ್ಯ ಕಾಣುವುದಿಲ್ಲ. ಪಾದ್ರಿಯಿಲ್ಲದೆ, ನರಕದ ಹೆದರಿಕೆಯಿಲ್ಲದೆ ನಡೆಯುವ ಕತೆಯೊಂದನ್ನು ಮಕ್ಕಳಿಗೆ ಹೇಳಬಹುದೆಂಬ ಧೈರ್ಯ ಆ ಮನೆಯಲ್ಲಿತ್ತು ಎಂದರೆ ಸಾಕು.

ಬೌಮ್ ಇದ್ದ ಊರಲ್ಲೇ 1893ರ ಸೆಪ್ಟೆಂಬರಿನಲ್ಲಿ ಸರ್ವಧರ್ಮ ಸಮ್ಮೇಳನ ನಡೆಯಿತು. ಥಿಯಾಸಫಿಗೆ ಅಲ್ಲಿ ಪ್ರತ್ಯೇಕ ಗೋಷ್ಠಿ. ಬೆಸೆಂಟ್, ಜಡ್ಜ್, ಜ್ಞಾನೇಂದ್ರನಾಥ ಚಕ್ರವರ್ತಿ ಮಾತಾಡಿದರು, ಜನ ಕಿಕ್ಕಿರಿದರು. ವಿವೇಕಾನಂದರು ಗೆದ್ದ ಸಭೆ ಎಂದಷ್ಟೇ ನಾವು ಆ ಸಮ್ಮೇಳನವನ್ನು ನೆನೆಯುತ್ತೇವೆ. ಆದರೆ ಕರ್ಮ, ಪುನರ್ಜನ್ಮ, ಯೋಗ ಎಂಬ ಮಾತುಗಳನ್ನು ಅಲ್ಲಿನ ಕೇಳುಗರ ಕಿವಿಗೆ ಹದಿನೈದು ವರ್ಷಗಳಿಂದ ಹಾಕುತ್ತ ಬಂದವರು ಥಿಯಾಸಫಿಸ್ಟರು. ಪತಂಜಲಿಯ ಯೋಗಸೂತ್ರವನ್ನು 1889ರಲ್ಲಿ, ಗೀತೆಯನ್ನು 1890ರಲ್ಲಿ ಜಡ್ಜ್ ನ್ಯೂಯಾರ್ಕಿನಿಂದ ಇಂಗ್ಲಿಷಿನಲ್ಲಿ ಹೊರತಂದಿದ್ದ. ವಿವೇಕಾನಂದರಿಗೆ ಇದರ ಋಣ ಒಪ್ಪಿಗೆಯಿರಲಿಲ್ಲ. 1897ರಲ್ಲಿ ಮದರಾಸಿಗೆ ಮರಳಿದಾಗ, ಥಿಯಾಸಫಿಸ್ಟರು ತಮಗೆ ನೆರವಾಗುವುದಿರಲಿ, ಅಡ್ಡಿಯಾದರೆಂದು ಸಭೆಯಲ್ಲೇ ಖಾರವಾಗಿ ಹೇಳಿದರು.

ಥಿಯಾಸಫಿ ಹಂಚಿದ ಹಿಂದೂ, ಬೌದ್ಧ ವಿಚಾರಗಳು ನಮ್ಮಲ್ಲಿದ್ದಂತೆ ಹೋಗಲಿಲ್ಲ ಎಂಬುದನ್ನೂ ಗಮನಿಸಬೇಕು. ನಮ್ಮಲ್ಲಿ ಪುನರ್ಜನ್ಮವೆಂದರೆ ಬಿಡುಗಡೆ ಬೇಡುವ ಬಂಧನ. ನಾಯಿಯೋ ಹುಳುವೋ ಆಗಿ ಹುಟ್ಟಬಹುದೆಂಬ ಭಯ. ಬ್ಲಾವಟ್ಸ್ಕಿಯ ಕೈಯಲ್ಲಿ ಅದು ಮೇಲಕ್ಕೇ ಹತ್ತುವ ಏಣಿಯಾಯಿತು. ಮನುಷ್ಯ ಹಿಂದೆ ಬೀಳುವುದಿಲ್ಲ, ಜನ್ಮ ಜನ್ಮಕ್ಕೂ ಬೆಳೆಯುತ್ತಾನೆ. ಪ್ರಗತಿಯನ್ನು ದೇವರಂತೆ ನಂಬಿದ ದೇಶಕ್ಕೆ ಈ ಕರ್ಮಸಿದ್ಧಾಂತ ಒಗ್ಗಿದ್ದು ಆಶ್ಚರ್ಯವಲ್ಲ.

ಕ್ಯಾಲಿಫೋರ್ನಿಯ

1895ರಲ್ಲಿ ಅಮೆರಿಕದ ಹೆಚ್ಚಿನ ಶಾಖೆಗಳು ಜಡ್ಜ್‌ನ ನಾಯಕತ್ವದಲ್ಲಿ, ಸಮಾಜದ ಕೇಂದ್ರವಾಗಿದ್ದ ಅಡಯಾರಿನಿಂದ ಬೇರೆಯಾದವು. ಸಮಾಜಕ್ಕೆ ಮರೆಯಿಂದ ದಾರಿ ತೋರುವರೆಂದು ಥಿಯಾಸಫಿಸ್ಟರು ನಂಬಿದ್ದ ಹಿಮಾಲಯದ ಮಹಾತ್ಮರಿಂದ ಬಂದವೆನ್ನಲಾದ ಪತ್ರಗಳನ್ನು ಅವನೇ ಸೃಷ್ಟಿಸಿದನೆಂಬುದು ಬೆಸೆಂಟ್ ಕಡೆಯವರ ಆರೋಪ. ಮರುವರ್ಷ ಜಡ್ಜ್ ತೀರಿಕೊಂಡ, ಅಧಿಕಾರ ಕ್ಯಾಥರೀನ್ ಟಿಂಗ್ಲಿಯ ಕೈಗೆ ಬಂತು. ಆಕೆ ಸ್ಯಾನ್ ಡಿಯಾಗೋ ಬಳಿ, ಪೆಸಿಫಿಕ್ ಸಾಗರದ ಅಂಚಿನ ಬೋಳು ಗುಡ್ಡದ ಮೇಲೆ ಪಾಯಿಂಟ್ ಲೋಮಾ ವಸಾಹತು ಕಟ್ಟಿದಳು. ಬಣ್ಣದ ಗಾಜಿನ ಗುಮ್ಮಟಗಳು, ಹಣ್ಣಿನ ತೋಟ, ಸಾಲು ನೀಲಗಿರಿ ಮರ. 1901ರಲ್ಲಿ ಕಟ್ಟಿದ ಗ್ರೀಕ್ ಶೈಲಿಯ ಬಯಲು ರಂಗಮಂದಿರ ಆ ದೇಶದಲ್ಲಿ ಅಂಥದ್ದರಲ್ಲಿ ಮೊದಲನೆಯದು. ‘ರಾಜಯೋಗ’ ಎಂದು ಹೆಸರಿಟ್ಟ ಶಾಲೆಯಲ್ಲಿ ಚಿಕ್ಕ ಮಕ್ಕಳೂ ವಾದ್ಯ ನುಡಿಸುತ್ತಿದ್ದರು, ನಾಟಕವಾಡುತ್ತಿದ್ದರು. ಅವರನ್ನು ತಂದೆತಾಯಿಯಿಂದ ಬೇರೆ ಇಡುತ್ತಿದ್ದುದು ಹೊರಗಿನವರ ಕಣ್ಣು ಕುಕ್ಕಿತು. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ವಸಾಹತನ್ನು ಮಕ್ಕಳನ್ನು ಉಪವಾಸ ಕೆಡಹುವ ಸೆರೆಮನೆಯಂತೆ ಚಿತ್ರಿಸಿತು. ಟಿಂಗ್ಲಿ ಮಾನನಷ್ಟ ಮೊಕದ್ದಮೆ ಹೂಡಿ 7,500 ಡಾಲರ್ ಗೆದ್ದಳು. ಸಾಹಸಕತೆಗಳ ಲೇಖಕ ಟಾಲ್ಬಟ್ ಮಂಡಿ 1920ರ ದಶಕದಲ್ಲಿ ಕೆಲಕಾಲ ಇಲ್ಲಿದ್ದು ಬರೆದವನು. 1942ರಲ್ಲಿ ಸಾಲದ ಹೊರೆಗೆ ವಸಾಹತು ಮುಚ್ಚಿತು. ಈಗ ಅಲ್ಲಿರುವುದು ಒಂದು ಕ್ರೈಸ್ತ ವಿಶ್ವವಿದ್ಯಾಲಯ.

ಅಡಯಾರಿಗೆ ನಿಷ್ಠರಾದವರು 1912ರಲ್ಲಿ ಹಾಲಿವುಡ್ ಗುಡ್ಡದ ಮೇಲೆ ಕ್ರೊಟೋನಾ ವಸಾಹತು ಹೂಡಿದರು. ಹಾಲಿವುಡ್ ಆಗ ನಿಂಬೆತೋಟಗಳ ಊರು, ಸಿನಿಮಾ ಆಗತಾನೇ ಕಾಲಿಟ್ಟಿತ್ತು. 1918ರಲ್ಲಿ ಬುದ್ಧನ ಜೀವನದ ಮೇಲಿನ ‘ದಿ ಲೈಟ್ ಆಫ್ ಏಷ್ಯಾ’ ಕಾವ್ಯವನ್ನು ಕ್ರೊಟೋನಾದ ಬಯಲಲ್ಲಿ ನಾಟಕವಾಗಿ ಆಡಿದರು. ಇದರ ಯಶಸ್ಸು ಕಂಡ ಥಿಯಾಸಫಿಸ್ಟ್ ಮಹಿಳೆ ಕ್ರಿಸ್ಟೀನ್ ವೆದರಿಲ್ ಸ್ಟೀವನ್ಸನ್ ಇನ್ನೂ ದೊಡ್ಡ ಬಯಲು ರಂಗಕ್ಕೆ ಜಾಗ ಹುಡುಕಿದಳು. ಆಕೆ ಮತ್ತು ಗೆಳೆಯರು ಕೊಂಡ ಕಣಿವೆಯೇ ಇಂದಿನ ಹಾಲಿವುಡ್ ಬೌಲ್. ಅಲ್ಲಿ ಧಾರ್ಮಿಕ ನಾಟಕ ನಡೆಯಬೇಕೆಂದು ಆಕೆಯ ಆಸೆ. ಜತೆಗಾರರಿಗೆ ಸಂಗೀತ ಬೇಕಿತ್ತು. ಆಕೆ ಹೊರನಡೆದಳು.

ಕ್ರೊಟೋನಾ ಮುಂದೆ ಓಹೈ ಕಣಿವೆಗೆ ಸ್ಥಳಾಂತರವಾಯಿತು. ಬೆಸೆಂಟ್ ಲೋಕಗುರುವೆಂದು ಬೆಳೆಸಿದ್ದ ಜಿಡ್ಡು ಕೃಷ್ಣಮೂರ್ತಿ 1922ರಲ್ಲಿ ಅಲ್ಲಿಗೆ ಬಂದವರು, ಅದನ್ನೇ ಮನೆಯಾಗಿಸಿಕೊಂಡರು. 1929ರಲ್ಲಿ ತಮಗಾಗಿ ಕಟ್ಟಿದ ಸಂಘವನ್ನು ತಾವೇ ವಿಸರ್ಜಿಸಿದರು. 1986ರಲ್ಲಿ ಓಹೈಯಲ್ಲೇ ತೀರಿಕೊಂಡರು. ಅವರ ಸುತ್ತ ಕಾದಂಬರಿಕಾರ ಆಲ್ಡಸ್ ಹಕ್ಸ್‌ಲಿ ಬಂದ, ಕುಂಬಾರಿಕೆಯ ಕಲಾವಿದೆ ಬಿಯಾಟ್ರಿಸ್ ವುಡ್ ಬಂದಳು.

ಕ್ಯಾಲಿಫೋರ್ನಿಯವೇ ಏಕೆ? ಹವೆ, ಅಗ್ಗದ ನೆಲ ಒಂದು ಕಾರಣ. ಇನ್ನೊಂದು ಕಾರಣ ಹೇಳಿಕೊಳ್ಳುವಂಥದ್ದಲ್ಲ. ಮನುಕುಲ ಒಂದಾದ ಮೇಲೊಂದು ‘ಮೂಲ ಜನಾಂಗ’ಗಳಾಗಿ ವಿಕಾಸವಾಗುತ್ತದೆ, ಮುಂದಿನದರ ಬೀಜ ಅಮೆರಿಕದಲ್ಲಿ ಮೊಳೆಯುತ್ತದೆ ಎಂದು ಬ್ಲಾವಟ್ಸ್ಕಿ 1888ರ ‘ದಿ ಸೀಕ್ರೆಟ್ ಡಾಕ್ಟ್ರಿನ್’ನಲ್ಲಿ ಬರೆದಿದ್ದಳು. ಬೆಸೆಂಟ್ ಆ ಮೊಳಕೆಯನ್ನು ಕ್ಯಾಲಿಫೋರ್ನಿಯದ ಬಿಳಿ ಮಕ್ಕಳಲ್ಲಿ ಕಂಡಳು. ಜನಾಂಗ, ಜಾತಿ, ಲಿಂಗ, ಬಣ್ಣದ ಭೇದವಿಲ್ಲದ ಭ್ರಾತೃತ್ವವೇ ಸಮಾಜದ ಮೊದಲ ಧ್ಯೇಯ. ಅದರ ಗ್ರಂಥಗಳಲ್ಲೇ ಕೆಲವು ಜನಾಂಗಗಳು ಹಿಂದುಳಿದು ಅಳಿಯಬೇಕಾದವು. ಈ ಎರಡನ್ನೂ ಥಿಯಾಸಫಿಸ್ಟರು ಹೇಗೆ ಒಂದೇ ಚೀಲದಲ್ಲಿ ಹೊತ್ತರೋ!

ಸ್ವರಗುಚ್ಛ, ಕ್ಲೈಸ್ಟ್ರಾನ್, ಕ್ಯಾನ್‌ವಾಸು

ಮೂರನೆಯ ವಸಾಹತು ಚಿಕ್ಕದು. ಸ್ಯಾನ್ ಲೂಯಿಸ್ ಒಬಿಸ್ಪೋ ಬಳಿಯ ಹಾಲ್ಸಿಯನ್‌ಗೆ 1903ರಲ್ಲಿ ‘ಟೆಂಪಲ್ ಆಫ್ ದ ಪೀಪಲ್’ ಎಂಬ ಥಿಯಾಸಫಿ ಗುಂಪು ಬಂದು ನೆಲೆಸಿತು. ಅಲ್ಲಿದ್ದ ಐರಿಷ್ ಕವಿ ಜಾನ್ ವೇರಿಯನ್ 1917ರಲ್ಲಿ ಸೃಷ್ಟಿಯ ಪುರಾಣವೊಂದನ್ನು ಗೀತನಾಟಕವಾಗಿಸಿದ. ಸಂಗೀತ ಒದಗಿಸಿದವನು ತರುಣ ಹೆನ್ರಿ ಕವೆಲ್. ಸಮುದ್ರದ ಆದಿ ಅಲೆಗಳನ್ನು ಪಿಯಾನೋದಲ್ಲಿ ಕೇಳಿಸಲು ಅವನು ಬೆರಳು ಬಿಟ್ಟು ಅಂಗೈ, ಮುಂಗೈಗಳನ್ನೇ ಮಂದ್ರದ ಮನೆಗಳ ಮೇಲೆ ಊರಿದ. ಹತ್ತಾರು ಸ್ವರಗಳು ಒಮ್ಮೆಗೇ ಗುಡುಗಿದವು. ಈ ‘ಸ್ವರಗುಚ್ಛ’ ತಂತ್ರ ಇಪ್ಪತ್ತನೇ ಶತಮಾನದ ಪಾಶ್ಚಾತ್ಯ ಸಂಗೀತದ ಹೊಸ ನುಡಿಗಟ್ಟಾಯಿತು. ಕವೆಲ್ ಮುಂದೆ ಸಂಗೀತ ರಚನೆಕಾರ ಜಾನ್ ಕೇಜ್‌ಗೆ ಗುರುವಾದ, ಮದರಾಸಿಗೂ ಬಂದ, ತನ್ನ 13ನೇ ಸಿಂಫನಿಗೆ ‘ಮದ್ರಾಸ್’ ಎಂದೇ ಹೆಸರಿಟ್ಟ. ವೇರಿಯನ್ನನ ಮಕ್ಕಳಾದ ರಸೆಲ್ ಮತ್ತು ಸಿಗರ್ಡ್ 1937ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಕ್ಲೈಸ್ಟ್ರಾನ್ ಎಂಬ ಸೂಕ್ಷ್ಮತರಂಗ ನಳಿಗೆ ಕಂಡುಹಿಡಿದರು. ರೇಡಾರ್ ಅದರಿಂದ ಸುಧಾರಿಸಿತು; 1948ರಲ್ಲಿ ಅವರು ಹೂಡಿದ ಕಂಪನಿ ಸಿಲಿಕಾನ್ ಕಣಿವೆಯ ಹಿರಿಯ ಸಂಸ್ಥೆಗಳಲ್ಲೊಂದು. ಮಹಾತ್ಮರ ಊರಿನ ಮಕ್ಕಳು ಎಲೆಕ್ಟ್ರಾನಿಕ್ಸಿಗೆ ಬಂದ ಬಗೆ ಹೀಗೆ.

ಚಿತ್ರಕಲೆಯಲ್ಲಿ ಪ್ರಭಾವ ಯುರೋಪಿನ ಸುತ್ತುದಾರಿಯಿಂದ ಬಂತು. ಕಾಂಡಿನ್‌ಸ್ಕಿ, ಮೊಂಡ್ರಿಯಾನ್ ಇಬ್ಬರೂ ಥಿಯಾಸಫಿ ಓದಿದವರು. ಅವರನ್ನು ಅಮೆರಿಕಕ್ಕೆ ಪರಿಚಯಿಸಿದ ಕ್ಯಾಥರೀನ್ ಡ್ರೈಯರ್, ಗುಗನ್‌ಹೈಮ್ ಸಂಗ್ರಹ ಕಟ್ಟಿದ ಹಿಲ್ಲಾ ರಿಬೇ ಇಬ್ಬರಿಗೂ ಅದೇ ಒಲವು. ಕಣ್ಣಿಗೆ ಕಾಣುವ ವಸ್ತುವಿಲ್ಲದೆ ಬರಿಯ ಬಣ್ಣ, ಆಕಾರಗಳು ಆತ್ಮಕ್ಕೆ ನೇರ ಮುಟ್ಟುತ್ತವೆ ಎಂಬ ನಂಬಿಕೆಯ ಬೇರು ಇಲ್ಲಿದೆ. 1938ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ಕೂಡಿದ ‘ಟ್ರಾನ್ಸೆಂಡೆಂಟಲ್ ಪೇಂಟಿಂಗ್ ಗ್ರೂಪ್’ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿತು. ಮರುಭೂಮಿಯಲ್ಲಿ ಒಂಟಿಯಾಗಿದ್ದ ಆಗ್ನೆಸ್ ಪೆಲ್ಟನ್ ಅದರ ಮೊದಲ ಅಧ್ಯಕ್ಷೆ. ಇಂಥವರನ್ನು ವಿಮರ್ಶಕರು ಬಹುಕಾಲ ಮೂಲೆಗೊತ್ತಿದರು. 2018–19ರಲ್ಲಿ ಸ್ವೀಡನ್ನಿನ ಥಿಯಾಸಫಿಸ್ಟ್ ಚಿತ್ರಗಾರ್ತಿ ಹಿಲ್ಮಾ ಆಫ್ ಕ್ಲಿಂಟ್ ಪ್ರದರ್ಶನಕ್ಕೆ ಗುಗನ್‌ಹೈಮಿನಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಸಾಲುಗಟ್ಟಿದ ಮೇಲೆ ಮಾತು ಬದಲಾಯಿತು.

ರಾಜಕೀಯ, ನ್ಯಾಯಾಲಯ, ಆಸ್ಪತ್ರೆ

ರೂಸ್‌ವೆಲ್ಟ್ ಸರ್ಕಾರದ ಕೃಷಿಮಂತ್ರಿ, ಮುಂದೆ ಉಪಾಧ್ಯಕ್ಷನಾದ ಹೆನ್ರಿ ವಾಲೇಸ್ 1925ರಲ್ಲಿ ಸಮಾಜ ಸೇರಿದ್ದವನು. ಥಿಯಾಸಫಿಯಿಂದ ತನ್ನದೇ ಪಂಥ ಬೆಳೆಸಿದ ರಷ್ಯನ್ ಚಿತ್ರಕಾರ ನಿಕೊಲಾಯ್ ರೋರಿಕ್‌ಗೆ ಅವನು ‘ಗುರು’ ಎಂದು ಸಂಬೋಧಿಸಿ ಪತ್ರ ಬರೆಯುತ್ತಿದ್ದ. ಬರ ತಡೆಯುವ ಹುಲ್ಲಿನ ಬೀಜ ತರಲೆಂದು ಅವನನ್ನು ಸರ್ಕಾರದ ಖರ್ಚಿನಲ್ಲಿ ಮಂಚೂರಿಯಕ್ಕೂ ಕಳಿಸಿದ. ಅಲ್ಲಿನ ರೋರಿಕ್‌ನ ರಾಜಕೀಯ ಚಟುವಟಿಕೆ ಕಂಡು 1935ರಲ್ಲಿ ಕೈಬಿಟ್ಟ. ಅದೇ ವರ್ಷ ಒಂದು ಡಾಲರಿನ ನೋಟಿನ ಬೆನ್ನಿಗೆ ಪಿರಮಿಡ್ಡು ಮತ್ತು ಕಣ್ಣಿನ ರಾಷ್ಟ್ರಮುದ್ರೆ ಬಂತು. ಆ ಮುದ್ರೆಯನ್ನು ನಾಣ್ಯಕ್ಕೆ ಹಾಕೋಣವೆಂದು ಮೊದಲು ರೂಸ್‌ವೆಲ್ಟರ ಮುಂದಿಟ್ಟವನು ವಾಲೇಸ್. 1948ರಲ್ಲಿ ಅವನು ಅಧ್ಯಕ್ಷ ಪದವಿಗೆ ನಿಂತಾಗ ‘ಗುರು ಪತ್ರ’ಗಳು ಪತ್ರಿಕೆಗೆ ಸಿಕ್ಕಿ ನಗೆಪಾಟಲಾದವು.

1930ರ ದಶಕದಲ್ಲಿ ಥಿಯಾಸಫಿಯ ಮಹಾತ್ಮರ ಕಲ್ಪನೆಯನ್ನು ಎರವಲು ಪಡೆದ ಗೈ ಬಲ್ಲಾರ್ಡ್, ಶಾಸ್ತಾ ಪರ್ವತದಲ್ಲಿ ದಿವ್ಯಪುರುಷನನ್ನು ಕಂಡೆನೆಂದು ‘ಐ ಆಮ್’ ಪಂಥ ಹೂಡಿದ. ಅವನ ಕುಟುಂಬದ ಮೇಲೆ ವಂಚನೆಯ ಮೊಕದ್ದಮೆ ನಡೆದು, ಧಾರ್ಮಿಕ ನಂಬಿಕೆ ನಿಜವೋ ಸುಳ್ಳೋ ಎಂದು ನ್ಯಾಯಾಲಯ ವಿಚಾರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1944ರಲ್ಲಿ ಹೇಳಿತು. ಕ್ರೊಟೋನಾದಿಂದ ಸಿಡಿದು ಹೊರಬಂದ ಆಲಿಸ್ ಬೇಯ್ಲಿ ನ್ಯೂಯಾರ್ಕಿನಲ್ಲಿ ಬರೆದ ಪುಸ್ತಕಗಳಿಂದ ‘ನ್ಯೂ ಏಜ್’ ಎಂಬ ಮಾತು ಹರಡಿತು.

ಮುಂದೆ ಸಮಾಜದ ಅಮೆರಿಕ ಶಾಖೆಯ ಅಧ್ಯಕ್ಷೆಯಾದ ಡೋರಾ ಕುಂಝ್ 1970ರ ದಶಕದ ಆರಂಭದಲ್ಲಿ ನರ್ಸಿಂಗ್ ಪ್ರಾಧ್ಯಾಪಕಿ ಡೊಲೊರೆಸ್ ಕ್ರೀಗರ್ ಜತೆಗೂಡಿ ‘ಥೆರಪ್ಯೂಟಿಕ್ ಟಚ್’ ರೂಪಿಸಿದಳು. ರೋಗಿಯ ಮೈಯಿಂದ ಕೆಲವು ಅಂಗುಲ ಮೇಲೆ ಕೈಯಾಡಿಸಿ ಪ್ರಾಣಶಕ್ತಿಯನ್ನು ಸರಿಪಡಿಸುವ ಕ್ರಮವಿದು. ಸಾವಿರಾರು ದಾದಿಯರು ಕಲಿತರು. 1998ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಒಂದು ಪ್ರಯೋಗ ಬಂತು. ಶಾಲೆಯ ವಿಜ್ಞಾನ ಮೇಳಕ್ಕೆಂದು ಒಬ್ಬ ಬಾಲಕಿ ಮಾಡಿದ್ದು. ರಟ್ಟಿನ ತೆರೆಯ ತೂತುಗಳಲ್ಲಿ ಚಿಕಿತ್ಸಕರು ಎರಡೂ ಕೈ ಚಾಚಬೇಕು. ತೆರೆಯಾಚೆ ಹುಡುಗಿ ಯಾವ ಕೈಯ ಮೇಲೆ ತನ್ನ ಕೈ ಹಿಡಿದಿದ್ದಾಳೆಂದು ಹೇಳಬೇಕು. 21 ಮಂದಿ 280 ಸಲ ಪ್ರಯತ್ನಿಸಿ 123 ಸಲ ಸರಿ ಹೇಳಿದರು. ಕಣ್ಣು ಮುಚ್ಚಿ ಊಹಿಸಿದ್ದರೂ 140 ಬರಬೇಕಿತ್ತು.

ಆರೋಪಗಳು

ಬ್ಲಾವಟ್ಸ್ಕಿ ತೋರಿಸುತ್ತಿದ್ದಳೆನ್ನಲಾದ ಪವಾಡಗಳು ಮೋಸವೆಂದು 1885ರಲ್ಲಿ ಲಂಡನ್ನಿನ ಆತ್ಮಸಂಶೋಧನಾ ಸಂಘದ ಪರವಾಗಿ ರಿಚರ್ಡ್ ಹಾಜ್‌ಸನ್ ವರದಿ ಬರೆದ. ಅದೇ ಸಂಘದ ಪತ್ರಿಕೆಯಲ್ಲಿ ನೂರೊಂದು ವರ್ಷದ ಮೇಲೆ ವರ್ನನ್ ಹ್ಯಾರಿಸನ್ ಆ ವರದಿಯ ಪಕ್ಷಪಾತವನ್ನು ಎತ್ತಿ ತೋರಿದ. ‘ಐಸಿಸ್’ನ ಪುಟಪುಟಗಳು ಬೇರೆ ಪುಸ್ತಕಗಳಿಂದ ಹೆಸರು ಹೇಳದೆ ಎತ್ತಿದವೆಂದು ಅಮೆರಿಕದ ವಿಲಿಯಂ ಎಮೆಟ್ ಕೋಲ್‌ಮನ್ ಆರೋಪಿಸಿದ. ಅದಕ್ಕೆ ಸಮಾಜದ ಉತ್ತರಗಳು ಇಂದಿಗೂ ಸಪ್ಪೆಯೇ.

ಬೆಂಗಳೂರಿನ ಕೊಂಡಿ

ರಾಬರ್ಟ್ ಕ್ರಾಸ್ಬಿ 1909ರಲ್ಲಿ ಲಾಸ್ ಏಂಜಲೀಸಿನಲ್ಲಿ ‘ಯುನೈಟೆಡ್ ಲಾಡ್ಜ್ ಆಫ್ ಥಿಯಾಸಫಿಸ್ಟ್ಸ್’ ಆರಂಭಿಸಿದ; ಅಧ್ಯಕ್ಷನಿಲ್ಲ, ಗುರುವಿಲ್ಲ, ಮೂಲಗ್ರಂಥಗಳಷ್ಟೇ ಸಾಕು ಎಂಬುದು ನಿಲುವು. ಮದರಾಸಿನ ಕಾರ್ಮಿಕ ಸಂಘದ ಸ್ಥಾಪಕ, ಬೆಸೆಂಟ್‌ರ ಬಲಗೈಯಾಗಿದ್ದ ಬಿ.ಪಿ. ವಾಡಿಯಾ 1922ರಲ್ಲಿ ಅಡಯಾರ್ ತೊರೆದು ಈ ಗುಂಪು ಸೇರಿದರು, ಕೆಲವು ವರ್ಷ ಅಮೆರಿಕದಲ್ಲೇ ದುಡಿದರು. ಭಾರತಕ್ಕೆ ಮರಳಿದ ಮೇಲೆ, ಪತ್ನಿ ಸೋಫಿಯಾ ವಾಡಿಯಾ ಜತೆಗೂಡಿ 1945ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಸ್ಥಾಪಿಸಿದರು. ಬೆಂಗಳೂರಿಗೆ ಇನ್ನೊಂದು ಕೊಂಡಿಯೂ ಇದೆ: ವಾಲೇಸ್‌ನ ‘ಗುರು’ ರೋರಿಕ್‌ನ ಮಗ ಸ್ವೆತೊಸ್ಲಾವ್, ಚಿತ್ರನಟಿಯಾಗಿದ್ದ ಹೆಂಡತಿ ದೇವಿಕಾರಾಣಿಯೊಡನೆ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದ. ಬಸವನಗುಡಿಯ ಸಂಸ್ಥೆಯಿರುವ ರಸ್ತೆಗೆ ಈಗ ವಾಡಿಯಾ ಹೆಸರಿದೆ. ಅಲ್ಲಿನ ವಾಚನಾಲಯದಲ್ಲಿ ಬೆಳಗ್ಗೆ ಪೇಪರು ಓದಲು ಕೂರುವ ಹಿರಿಯರಲ್ಲಿ ಲಾಸ್ ಏಂಜಲೀಸಿನ ಕತೆ ಗೊತ್ತಿರುವವರು ಹೆಚ್ಚಿರಲಾರರು.